ಸಾಗವಾನಿಯ ಮೂರು ಕಾಲು

ಮುಂಡಗೋಡದಲ್ಲಿ ಬಸ್ ಇಳಿಯುವಷ್ಟರಲ್ಲಿ ಮಧುಮತಿಯ ತೊಡೆ ಜೋಮು ಹಿಡಿದಿತ್ತು. ದಾಂಡೇಲಿಯಿಂದ ಹಳಿಯಾಳ, ಅಲ್ಲಿಂದ ಇಲ್ಲಿಯತನಕ ಗಂಡನ ಕ್ಯಾಮೆರಾವನ್ನು ಅವಳು ಮಡಿಲಿನಿಂದ ಕೆಳಗಿಳಿಸಿರಲಿಲ್ಲ. ಈಗಿನವರು ಯಾರೂ ಕಂಡರಿಯದ ಕ್ಯಾಮೆರಾ ಅದು. ಕಟ್ಟಿಗೆಯ ಪೆಟ್ಟಿಗೆ, ಮುಂದೆ ಹಾರ್ಮೋನಿಯಂ ತಿದಿಯಂಥ ಕಪ್ಪು ಮಡಿಕೆ, ಹಿಂದೆ ಅಂಗೈಯಗಲದ ಫಿಲ್ಮ್ ಹಾಳೆ. ಬಾಳೇಶ ತಲೆಯ ಮೇಲೆ ಕರೇ ಬಟ್ಟೆ ಹೊದ್ದು ಉಸಿರು ಬಿಗಿಹಿಡಿದು ಫೋಟೋ ತೆಗೆಯುತ್ತಿದ್ದ. ಕ್ಯಾಮೆರಾ ಹೊರುವ ಮೂರು ಕಾಲಿನ ಸ್ಟ್ಯಾಂಡು ಕೂದಲೆಳೆಯಷ್ಟು ಅಲುಗಿದರೂ ಚಿತ್ರ ಕೆಟ್ಟಂತೆಯೇ.

ಪೇಪರ್ ಮಿಲ್ಲಿನ ಪಾಳಿ ಮುಗಿಸಿ ಬಂದವನಿಗೆ ಅದೊಂದೇ ಹುಚ್ಚು. ಮುಂಡಗೋಡದ ಮಹಾಂತಪ್ಪನ ಹತ್ತಿರ ಜಮೀನು ಅಳೆಯುವವರ ಹಳೇ ಕಟ್ಟಿಗೆ ಸ್ಟ್ಯಾಂಡು ಇದೆ, ಅದಾದರೆ ಜೀವಮಾನ ಬಾಳುತ್ತದೆ ಎಂದು ಒಮ್ಮೆ ಊಟಕ್ಕೆ ಕೂತಾಗ ಹೇಳಿದ್ದ. ಆ ಮಾತು ಮಧುಮತಿಯ ಕಿವಿಗೆ ಬಿದ್ದದ್ದು ಅರ್ಧವೇ. ಹುಬ್ಬಳ್ಳಿಗೆ ಮದುವೆಗೆ ಹೋದವಳು ಅಲ್ಲಿನ ಅಂಗಡಿಯೊಂದರಲ್ಲಿ ಮಿರಮಿರ ಮಿಂಚುವ ಅಲ್ಯೂಮಿನಿಯಂ ಟ್ರೈಪಾಡ್ ಕಂಡಳು. ಒಂದು ಕೈಯಲ್ಲಿ ಎತ್ತುವಷ್ಟು ಹಗುರ, ಬೆಲೆಯೂ ಕೈಗೆಟುಕುವಂಥದ್ದು. ಗಂಡನಿಗೆ ತಿಳಿಸದೆ ಕೊಂಡು ತಂದು ಕೈಗಿಟ್ಟಳು. ಅವನು ಅದನ್ನು ಬಿಚ್ಚಿ ನಿಲ್ಲಿಸಿ, "ಛಲೋ ಐತಿ" ಅಂದಿದ್ದ.

ಹೋದ ವರ್ಷದ ಚಳಿಗಾಲದಲ್ಲಿ ಜೋಯಿಡಾ ಕಡೆ, ಕಾಳಿ ನದಿಯ ಬಂಡೆಯ ಮೇಲೆ ಆ ಟ್ರೈಪಾಡಿನ ಒಂದು ಕಾಲು ಭಾರ ತಾಳದೆ ಒಳಗೆ ಸರಿಯಿತು. ಕ್ಯಾಮೆರಾ ವಾಲಿತು. ಹಿಡಿಯಲು ಮುಂದೆ ಬಾಗಿದ ಬಾಳೇಶನ ಕಾಲು ಪಾಚಿಯ ಮೇಲೆ ಜಾರಿತು. ಅವನನ್ನು ಹೊಳೆ ಒಯ್ದಿತು, ಕ್ಯಾಮೆರಾ ಬಂಡೆಗಳ ಸಂದಿನಲ್ಲಿ ಸಿಕ್ಕಿಕೊಂಡು ಉಳಿಯಿತು. ಜೊತೆಗೆ ಹೋಗಿದ್ದ ಗೆಳೆಯ, ಸಾಂಬ್ರಾಣಿ ಊರಿನ ಆಟೋ ಓಡಿಸುವ ಪಾವ್ಲು, ಅದನ್ನು ಚೀಲದಲ್ಲಿ ಹಾಕಿಕೊಂಡು ಬಂದು ಒಬ್ಬನೇ ಬಾಗಿಲಲ್ಲಿ ನಿಂತ.

ಈಗ ಮಧುಮತಿ ಮುಂಡಗೋಡಕ್ಕೆ ಹೊರಟದ್ದು ಯಾಕೆಂದು ಯಾರೂ ಕೇಳಿರಲಿಲ್ಲ. ಮಹಾಂತಪ್ಪನ ಆ ಸ್ಟ್ಯಾಂಡನ್ನು ಒಮ್ಮೆ ನೋಡಬೇಕಿತ್ತು, ಅಷ್ಟೆ.

ಮಹಾಂತಪ್ಪ ಮುದುಕ. ಬಾಳೇಶನ ಹೆಸರು ಕೇಳಿದ್ದೇ ತಡ, ಅಟ್ಟದಿಂದ ಸ್ಟ್ಯಾಂಡು ಇಳಿಸಿ ಅಂಗಳಕ್ಕೆ ತಂದ. ಸಾಗವಾನಿಯ ಕಾಲು, ಹಿತ್ತಾಳೆಯ ಕಟ್ಟು, ತುದಿಗೆ ಕಬ್ಬಿಣದ ಮೊಳೆ.

"ಕ್ಯಾಮೆರಾ ಇಟ್ಟು ನೋಡ್ರಿ," ಅಂದ.

ಅವಳು ಇಟ್ಟಳು. ಬೆರಳಿಂದ ತಟ್ಟಿದಳು. ಎರಡೂ ಕೈ ಊರಿ, ಮೈಯ ಭಾರವನ್ನೆಲ್ಲ ಹಾಕಿ ಒತ್ತಿದಳು. ಮೊಳೆಗಳು ಮಣ್ಣಿಗಿಳಿದವೇ ಹೊರತು ಸ್ಟ್ಯಾಂಡು ಮಿಸುಕಲಿಲ್ಲ.

"ನಿಮ್ಮ ಯಜಮಾನ್ರೂ ಹಿಂಗ ಒತ್ತಿ ನೋಡಿದ್ರು," ಮಹಾಂತಪ್ಪ ಕಟ್ಟೆಯ ಮೇಲೆ ಕೂತ. "ಭಾಳ ಸಲ ಬಂದಿದ್ರು. ರೊಕ್ಕ ಆಮ್ಯಾಲ ಕೊಡ್ರಿ, ಒಯ್ರಿ ಅಂದೆ. ಕೇಳಲಿಲ್ಲ. ಹೆಂಡ್ತಿ ಹೌಸಿಲೆ, ಪ್ರೀತಿಲೆ ಒಂದು ತಂದಾಳ, ಇದನ್ನ ಒಯ್ದರ ಆಕಿ ಮನಸ್ಸಿಗೆ ಹತ್ತತೈತಿ ಅಂದ್ರು."

ಮಧುಮತಿ ಸ್ಟ್ಯಾಂಡಿನಿಂದ ಕೈ ತೆಗೆಯಲಿಲ್ಲ.

"ಯಾವಾಗ ಅಂದ್ರು ಅವರು?"

"ಆ ಅಲ್ಯೂಮಿನಿಯಂದು ಅಲಗಾಡ್ತೈತಿ ಅಂತಿದ್ರಲ್ಲ, ಆವಾಗ. ನಡುವಿಗೆ ಕಲ್ಲಿನ ಚೀಲ ಕಟ್ಟಿ ನಡಸ್ತೇನಿ ಅಂದು ಹೋದ್ರು. ಅವರು ಯಾಕ ಬರಲಿಲ್ಲ?"

ಅವಳು ಸೆರಗನ್ನು ಬರಿದಾದ ಕೊರಳ ಸುತ್ತ ಎಳೆದುಕೊಂಡಳು. "ಫಸ್ಟ್ ಶಿಫ್ಟ್ ಐತ್ರಿ."

"ಇದರ ಮ್ಯಾಲ ತಗದ ಫೋಟೋ ಒಂದು ತಂದು ತೋರಸ್ರಿ ಅಂತ ಅವರಿಗೆ ಹೇಳ್ರಿ."

"ಹೇಳ್ತೇನ್ರಿ," ಅಂದು ರೊಕ್ಕ ಎಣಿಸಿ ಕೊಟ್ಟಳು. ಒಂದು ಕ್ಷಣ ಬಾಳೇಶ ನಿಜಕ್ಕೂ ಮಿಲ್ಲಿನಲ್ಲೇ ಇದ್ದ. ಮಧ್ಯಾಹ್ನ ಸೈಕಲ್ ಒರಗಿಸಿ ಒಳಗೆ ಬರುತ್ತಿದ್ದ. ಮಹಾಂತಪ್ಪ ಕಾಲುಗಳನ್ನು ಮಡಚಿ ಹಗ್ಗ ಬಿಗಿದ ಸದ್ದಿಗೆ ಅದೂ ಹೋಯಿತು.

ಹಳಿಯಾಳದಲ್ಲಿ ಪಾವ್ಲು ಆಟೋ ನಿಲ್ಲಿಸಿಕೊಂಡು ಕಾದಿದ್ದ. ಬಸ್ಸಿನಿಂದ ಸ್ಟ್ಯಾಂಡನ್ನು ಅವನೇ ಇಳಿಸಿಕೊಂಡು, ಅದರ ಭಾರಕ್ಕೆ ಒಂದು ಹೆಜ್ಜೆ ಹಿಂದೆ ಸರಿದ.

"ವೈನಿ, ಇದನ್ನ ಯಾಕ ತಂದ್ರಿ? ಆ ಕ್ಯಾಮೆರಾ ಹಿಡಿಯೋರು ಯಾರದಾರ ಈಗ?"

"ಪಾವ್ಲು, ಒಂದು ಕೇಳತೇನಿ. ಖರೇ ಹೇಳು. ಅವತ್ತು ನಾ ತಂದ ಆ ಸ್ಟ್ಯಾಂಡ್ ಅಲಗಾಡಿದಾಗ ಅವರು ನನಗೇನರ ಬೈದ್ರೇನು?"

ಪಾವ್ಲು ಸ್ಟ್ಯಾಂಡನ್ನು ಆಟೋಗೆ ಒರಗಿಸಿದ. "ಇಲ್ಲ ವೈನಿ. ನಗತಿದ್ರು. ನನ್ನ ಹೆಂಡ್ತಿಗೆ ಹೇಳಬ್ಯಾಡೋ ಮಾರಾಯ ಅಂತ ನಗತಿದ್ರು."

ಒಂದು ಬೈಗುಳ ಸಿಕ್ಕಿದ್ದರೂ ಅವಳು ಅದನ್ನು ಹಿಡಿದುಕೊಂಡು ಮನೆಗೆ ಹೋಗುತ್ತಿದ್ದಳು. ರಾತ್ರಿಗಳಲ್ಲಿ ಅವನೊಡನೆ ಜಗಳವಾಡಬಹುದಿತ್ತು. ದಾಂಡೇಲಿ ಬಸ್ಸು ಬಂತು, ತುಂಬಿಕೊಂಡು ಹೊರಟೂ ಹೋಯಿತು. ಪಾವ್ಲು ಚಹಾ ತಂದುಕೊಟ್ಟ. ಅವಳು ಕುಡಿಯದೆ ಲೋಟ ಹಿಡಿದೇ ಕೂತಳು. ಮುಂದಿನ ಬಸ್ಸು ಬಂದಾಗಲೂ ಏಳಲಿಲ್ಲ.

"ವೈನಿ, ಆಟೋದಾಗ ಬಿಡ್ತೇನಿ ಬರ್ರಿ," ಅಂದ ಪಾವ್ಲು.

"ಎಲ್ಲಿಗೆ?" ಅಂದಳು ಮಧುಮತಿ. ಪಾವ್ಲು ಆರಿದ ಚಹಾದ ಲೋಟವನ್ನು ಅವಳ ಕೈಯಿಂದ ತೆಗೆದುಕೊಂಡ.