ಗಲಗಲ ಅನ್ನುವ ಮೆಟಡೋರ್

ಶಿವಶಂಕರನ ಮೆಟಡೋರ್ ಬರುವುದು ಊರಿಗೆಲ್ಲ ಮೊದಲೇ ಗೊತ್ತಾಗುತ್ತಿತ್ತು. ಕೆ.ಆರ್. ಪೇಟೆ ರಸ್ತೆ ಬಿಟ್ಟು ಕಾಲುವೆ ಏರಿಯ ತಿರುವಿಗೆ ಬಂದರೆ ಸಾಕು, ಡಬ್ಬದಲ್ಲಿ ಮೊಳೆ ಹಾಕಿ ಕುಲುಕಿದ ಹಾಗೆ ಎಂಜಿನ್ನಿನ ಒಳಗಿಂದ ಗಲಗಲ ಸದ್ದು. ಅದರೊಳಗೆ ತಿರುಗುವ ಟೈಮಿಂಗ್ ಚೈನು ಸವೆದು ಸಡಿಲವಾಗಿತ್ತು. ಬದಲಾಯಿಸು ಎಂದು ಪಾಂಡವಪುರದ ಮೆಕ್ಯಾನಿಕ್ ದಾಸಯ್ಯ ವರ್ಷಗಳಿಂದ ಬಡಿದುಕೊಳ್ಳುತ್ತಿದ್ದ. "ಓಡ್ತದೆ ಬುಡು" ಎನ್ನುವುದು ಶಿವಶಂಕರನ ಉತ್ತರ. ಆ ಮಹಾನುಭಾವನ ಲೆಕ್ಕದಲ್ಲಿ ಜಗತ್ತಿನ ಎಲ್ಲವೂ ಹೇಗೋ ಓಡುತ್ತಿತ್ತು.

ಓಡದೆ ನಿಂತದ್ದು ಮನೆಯೊಳಗಿನ ಮಾತು. ಕೆಲವು ವರ್ಷಗಳ ಹಿಂದೆ ಒಂದು ಸಂಜೆ, ಅವನ ಹೆಂಡತಿ ಪ್ರಮೀಳಾಳ ತಾಯಿಗೆ ಕಾಯಿಲೆ ಜೋರಾಗಿದೆ ಎಂದು ಅಕ್ಕಿಹೆಬ್ಬಾಳಿನಿಂದ ಫೋನು ಬಂತು. ಆಗ ಇವನು ತೆಂಗಿನಕಾಯಿ ಲೋಡು ತುಂಬಿಕೊಂಡು ನಾಗಮಂಗಲದ ದಾರಿಯಲ್ಲಿದ್ದ.

"ಗಾಡಿ ತಿರುಗ್ಸ್ಕಂಡು ಬನ್ನಿ, ಬಸ್ಸೂ ಇಲ್ಲ. ಅವ್ವನ್ನ ನೋಡ್ಬೇಕು" ಎಂದು ಹೆಂಡತಿ ಫೋನಿನಲ್ಲಿ ಅತ್ತಳು.

"ಲೋಡು ಇಳ್ಸಿ ಬತ್ತೀನಿ. ಅಲ್ಲೀಗಂಟ ಏನೂ ಆಗಕಿಲ್ಲ ಬುಡು" ಎಂದ.

ಇಳಿಸಿ ಬರುವಷ್ಟರಲ್ಲಿ ಎಲ್ಲ ಆಗಿಹೋಗಿತ್ತು. ತಿಥಿ ಮುಗಿದ ದಿನದಿಂದ ಪ್ರಮೀಳಾ ಗಂಡನ ಜೊತೆ ಮಾತು ಬಿಟ್ಟಳು.

ಮಾತು ಬಿಟ್ಟಳೇ ಹೊರತು ಸಂಸಾರ ಬಿಡಲಿಲ್ಲ. ಮಗಳು ಚೈತ್ರ ಮನೆಯಲ್ಲಿರುವತನಕ "ನಿಮ್ಮಪ್ಪಂಗೆ ಹೇಳವ್ವ" ಎಂದು ನಡೆಯಿತು. ಅವಳು ಮದುವೆಯಾಗಿ ನಾಗಮಂಗಲಕ್ಕೆ ಹೋದ ಮೇಲೆ ಆ ಕೆಲಸ ಕೊಟ್ಟಿಗೆಯ ಎಮ್ಮೆಯ ಪಾಲಿಗೆ ಬಂತು. ಗಂಡನಿಗೆ ಕೇಳಿಸುವ ಹಾಗೆ "ಉಪ್ಪು ಮುಗ್ದೋಯ್ತು ಕಣವ್ವ" ಎಂದು ಎಮ್ಮೆಗೆ ಹೇಳಿದರೆ ಮರುದಿನ ಉಪ್ಪು ಬರುತ್ತಿತ್ತು. ಊಟದ ವಿಷಯಕ್ಕೆ ಎಮ್ಮೆಯೂ ಬೇಕಿರಲಿಲ್ಲ, ಚೈನಿತ್ತು. ತಿರುವಿನಲ್ಲಿ ಗಲಗಲ ಕೇಳಿದೊಡನೆ ಅವಳು ಮುದ್ದೆಗೆ ಎಸರಿಡುತ್ತಿದ್ದಳು. ಅವನು ಗಾಡಿ ನಿಲ್ಲಿಸಿ, ಟಾರ್ಪಾಲು ಮಡಚಿ, ಕೈಕಾಲು ತೊಳೆದು ಒಳಗೆ ಬರುವಾಗ ತಟ್ಟೆಯಲ್ಲಿ ಮುದ್ದೆ ಬಿಸಿಯಾಗಿರುತ್ತಿತ್ತು. ಅವಳು ಮಾತ್ರ ಒಲೆಯ ಕಡೆ ಮುಖ ಮಾಡಿ ಕುಳಿತಿರುತ್ತಿದ್ದಳು.

ಜಗಲಿಯ ಮೇಲೆ ದಿನವೂ ಒಂದು ಮೊರ ಬಿದ್ದಿರುತ್ತಿತ್ತು. ಅದರಲ್ಲಿ ಅರ್ಧ ಸುಲಿದ ಅವರೆಕಾಯಿ, ಇಲ್ಲವೇ ಅರ್ಧ ಆರಿಸಿದ ಅಕ್ಕಿ. ಹಿಡಿದ ಕೆಲಸ ಮುಗಿಸುವ ಜಾಯಮಾನ ಇವಳದ್ದಲ್ಲ ಎಂದು ಗೊಣಗಿಕೊಂಡು ಅವನು ಮೊರ ದಾಟಿ ಒಳಗೆ ಹೋಗುತ್ತಿದ್ದ.

ಅವತ್ತು ಪಾಂಡವಪುರದ ಗ್ಯಾರೇಜಿನಲ್ಲಿ ದಾಸಯ್ಯ ಗಾಡಿಯ ಕೀಯನ್ನೇ ಕಿತ್ತುಕೊಂಡ.

"ಇವತ್ತು ನಿನ್ನ ಬುಡಕಿಲ್ಲ ಶಂಕ್ರಣ್ಣ. ಈ ಚೈನು ದಾರೀಲಿ ಕಿತ್ಕಂಡ್ರೆ ವಾಲ್ವು ಪಿಸ್ಟನ್ನು ಒಂದಕ್ಕೊಂದು ಗುದ್ದಾಡ್ಕಂಡು ಸಾಯ್ತವೆ. ಆಮೇಕೆ ಗಾಡಿ ಗುಜ್ರಿಗೇಯ."

ಮೇಲಿನ ಮುಚ್ಚಳ ಬಿಚ್ಚಿ, ಹಳೆಯ ಚೈನಿನ ಒಂದು ಕೊಂಡಿ ಕತ್ತರಿಸಿ, ಅದರ ತುದಿಗೆ ಹೊಸ ಚೈನು ಸೇರಿಸಿದ. ಎಂಜಿನ್ನನ್ನು ಕೆಳಗಿನಿಂದ ಸ್ಪ್ಯಾನರಿನಲ್ಲಿ ಮೆಲ್ಲಗೆ ತಿರುಗಿಸುತ್ತ ಹೋದರೆ ಹಳೆಯದು ಹೊರಗೆ ಬರುತ್ತದೆ, ಅದರ ಹಿಂದೆಯೇ ಹೊಸದು ಒಳಗೆ ಹೋಗುತ್ತದೆ. ಅಷ್ಟು ಹೊತ್ತೂ ಮೇಲೊಬ್ಬರು ಚೈನನ್ನು ಬಿಗಿಯಾಗಿ ಹಿಡಿದಿರಬೇಕು. ಒಮ್ಮೆ ಸಡಿಲಬಿಟ್ಟರೆ ಚಕ್ರದ ಹಲ್ಲು ತಪ್ಪಿ ಎಲ್ಲ ಕೆಡುತ್ತದೆ. ಹಿಡಿಯುವ ಕೆಲಸ ಶಿವಶಂಕರನಿಗೇ ಬಂತು.

"ಬಿಗಿಯಾಗ್ ಇಡ್ಕ. ಬುಟ್ಟುಗಿಟ್ಟೀಯ!" ಕೆಳಗಿನಿಂದ ದಾಸಯ್ಯ ಕೂಗುತ್ತಲೇ ಇದ್ದ.

ಹೊತ್ತು ಇಳಿಯಿತು. ಬರುವುದು ತಡವಾಗುತ್ತದೆ ಎಂದು ಮನೆಗೆ ತಿಳಿಸಬೇಕೆನಿಸಿತು. ಜೇಬಿನಲ್ಲಿ ಫೋನೇನೋ ಇತ್ತು, ಆದರೆ ಎಮ್ಮೆಗೆ ಫೋನು ಮಾಡುವುದು ಹೇಗೆ? ಚೈನನ್ನೇ ಬಿಗಿಯಾಗಿ ಹಿಡಿದುಕೊಂಡ.

ಕೆಲಸ ಮುಗಿದು ಸ್ಟಾರ್ಟ್ ಮಾಡಿದಾಗ ಎಂಜಿನ್ನು ಬೇರೆ ಗಾಡಿಗಳ ಹಾಗೆಯೇ ಗುರುಗುಟ್ಟಿತು, ಅಷ್ಟೇ. ದಾಸಯ್ಯ ಹಳೆಯ ಚೈನನ್ನು ಬೆರಳಿಗೆ ನೇತುಹಾಕಿ ತೋರಿಸಿದ. ಕೊಂಡಿಗಳು ಅತ್ತಿತ್ತ ಜೋಲುತ್ತಿದ್ದವು.

"ನಾನು ಮೊದ್ಲು ಹೇಳ್ದಾಗ್ಲೇ ಹಾಕ್ಸಿದ್ರೆ ಇಷ್ಟು ವರ್ಸ ನೆಮ್ದಿಯಾಗಿರ್ಬೋದಿತ್ತು ಕಣಣ್ಣ" ಎಂದ. ಶಿವಶಂಕರ ನಕ್ಕು ಹೊರಟ.

ಊರು ಮುಟ್ಟುವಾಗ ಕತ್ತಲಾಗಿತ್ತು. ಕಾಲುವೆ ತಿರುವು ದಾಟಿ ಮನೆಯ ಮುಂದೆ ಗಾಡಿ ನಿಲ್ಲಿಸಿ ಎಂಜಿನ್ ಆಫ್ ಮಾಡಿದ. ಗಾಡಿಯ ಲೈಟು ಇನ್ನೂ ಉರಿಯುತ್ತಿತ್ತು. ಆ ಬೆಳಕಿನಲ್ಲಿ ಜಗಲಿಯ ಮೇಲೆ ಪ್ರಮೀಳಾ ಕುಳಿತಿರುವುದು ಕಂಡಿತು. ತೊಡೆಯ ಮೇಲೆ ಮೊರ, ಕೈಯಲ್ಲಿ ಅವರೆಕಾಯಿ. ಕಣ್ಣಿಗೆ ಬೆಳಕು ಕುಕ್ಕುತ್ತಿದ್ದುದರಿಂದ ಕೈ ಅಡ್ಡ ಹಿಡಿದಿದ್ದಳು. ಅವಳು ನೋಡುತ್ತಿದ್ದುದು ಈ ಗಾಡಿಯನ್ನಲ್ಲ, ಇದರ ಹಿಂದಿನ ತಿರುವನ್ನು.

"ಯಾರಣ್ಣ ಅದು? ಒಸಿ ಮುಂದ್ಕೆ ನಿಲ್ಸಿ, ನಮ್ಮೋರು ಬರೋ ಹೊತ್ತು" ಎಂದಳು. ಮೊರವನ್ನು ಬದಿಗಿಟ್ಟು ಮತ್ತೆ ಕೇಳಿದಳು. "ಇವತ್ತು ಯಾಕೋ ಇನ್ನೂ ಬಂದಿಲ್ಲ ಕಣಣ್ಣ. ದಾರೀಲಿ ಎಲ್ಲಾದ್ರೂ ಗಲಗಲ ಅನ್ನೋ ಮೆಟಡೋರ್ ನಿಂತಿದ್ದು ಕಂಡ್ರಾ?"

ದಿನವೂ ಜಗಲಿಯ ಮೇಲೆ ಬಿದ್ದಿರುತ್ತಿದ್ದ ಮೊರ ಈಗ ಶಿವಶಂಕರನಿಗೆ ಅರ್ಥವಾಯಿತು. ಅವಳು ಪ್ರತಿ ಸಂಜೆ ಇಲ್ಲೇ ಕೂತು ಕಾದಿದ್ದಳು. ಚೈನಿನ ಸದ್ದು ಕೇಳಿದೊಡನೆ ಕೆಲಸ ಅರ್ಧಕ್ಕೆ ಬಿಟ್ಟು ಎದ್ದುಹೋಗಿ ಒಲೆಯ ಕಡೆ ಮುಖ ತಿರುಗಿಸಿಕೊಂಡಿದ್ದಳು. ಅವನು ಕಂಡದ್ದು ಅವಳ ಬೆನ್ನನ್ನು ಮಾತ್ರ. ದಾಸಯ್ಯ ಮೊದಲು ಹೇಳಿದ ವರ್ಷವೇ ಚೈನು ಹಾಕಿಸಿದ್ದರೆ ಈ ಮುಖವನ್ನು ಆಗಲೇ ನೋಡಬಹುದಿತ್ತು. ಎಷ್ಟು ಸಂಜೆಗಳನ್ನು ಹಾಳುಮಾಡಿಕೊಂಡೆ ಎಂದುಕೊಂಡ.

ಲೈಟು ಆರಿಸಿ ಕೆಳಗಿಳಿದ. ಹತ್ತಿರ ಬಂದವನು ಯಾರೆಂದು ಗುರುತು ಸಿಕ್ಕಿ ಅವಳು ದಡಕ್ಕನೆ ಎದ್ದಳು.

"ಅವತ್ತು ಗಾಡಿ ತಿರುಗ್ಸ್ಬೇಕಾಗಿತ್ತು ಕಣೆ ಪ್ರಮೀಳಾ" ಎಂದ. ಇಷ್ಟು ವರ್ಷ ಎಮ್ಮೆಗೂ ಹೇಳದೆ ಇಟ್ಟುಕೊಂಡಿದ್ದ ಮಾತು ಅದು.

ಅವಳು ಜಗಲಿಯ ಕಂಬ ಹಿಡಿದು ನಿಂತಳು. ಸೆರಗಿನಿಂದ ಮೂಗು ಒರೆಸಿಕೊಂಡಳು.

"ಸದ್ದೇ ಕೇಳ್ನಿಲ್ಲ, ಎಸ್ರಿಟ್ಟಿಲ್ಲ. ಒಸಿ ಕುಂತ್ಕಳಿ" ಎಂದು ಒಳಗೆ ಹೋದಳು.

ಅವಳು ಎದ್ದುಹೋದ ಜಾಗದಲ್ಲೇ ಅವನು ಕುಳಿತು ಮೊರವನ್ನು ತೊಡೆಗೆ ಎಳೆದುಕೊಂಡ. ಅಲ್ಲಿಂದ ಕತ್ತಲಲ್ಲೂ ಕಾಲುವೆಯ ತಿರುವು ಪೂರ್ತಿ ಕಾಣುತ್ತಿತ್ತು. ಅದು ಅವನಿಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಉಳಿದ ಅವರೆಕಾಯಿಯನ್ನು ಒಂದೊಂದಾಗಿ ಸುಲಿಯತೊಡಗಿದ.