ಹೆಲ್ಕಾಳ ನಡುಗುವ ಕೈ

ಆ ಜೂನ್ ತಿಂಗಳಲ್ಲಿ ಹೆಲ್ಕಾಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮನೆಯ ಜಮಖಾನೆಗಳನ್ನೆಲ್ಲ ಸಮುದ್ರದಂಡೆಯ ಕಟ್ಟೆಗೆ ಹೊತ್ತೊಯ್ದು ಪೈನ್ ಸೋಪು ಹಾಕಿ ತಿಕ್ಕಿದಳು. ಅವು ಒಣಗುವ ಮೊದಲೇ ನೆರೆಯವರದನ್ನೂ ಕೇಳಿ ಇಸಿದುಕೊಂಡು ತಿಕ್ಕಿದಳು. ಒಂದು ಸಂಜೆ ಗಂಡ ರೌನೊ ಬಂದರಿನ ಕ್ರೇನ್ ಕೆಲಸ ಮುಗಿಸಿ ಬಂದಾಗ ಹಬೆಸ್ನಾನದ ಕೋಣೆ ಸೌನಾದ ಬೆಂಚುಗಳೆಲ್ಲ ಕಿತ್ತು ಅಂಗಳದಲ್ಲಿ ಬಿದ್ದಿದ್ದವು.

“ಚಳಿಗಾಲ ಪೂರ್ತಿ ಸೋಫಾ ಬಿಟ್ಟು ಏಳ್ತಿರಲಿಲ್ಲ. ಈಗ ಏನೇ ಬಂದಿದೆ ಮೈಮೇಲೆ?”

“ಬೇಸಿಗೆ ಬಂದಿದೆ. ನಿಂಗೂ ಬರ್ಲಿ. ಆ ಸುತ್ತಿಗೆ ಕೊಡು.”

ಚಳಿಗಾಲದ ಆಯಾಸ ಸುಳ್ಳಲ್ಲ. ಅವಳ ಥೈರಾಯ್ಡ್ ಗ್ರಂಥಿ ಸೋಮಾರಿಯಾಗಿ ವರ್ಷಗಳಾಗಿದ್ದವು. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ. ರಕ್ತಪರೀಕ್ಷೆ ನೋಡಿ ಬೇಕಿದ್ದರೆ ಔಷಧಿ ಸ್ವಲ್ಪ ಹೆಚ್ಚಿಸೋಣ ಎಂದು ಡಾಕ್ಟರು ಹೇಳಿದ್ದರು. ಮೇ ಕೊನೆಗೆ ಔಷಧಿ ಅಂಗಡಿಗೆ ಹೋದಾಗ ಅವಳು ಕಾರನ್ನು ನಿಲ್ಲಿಸಬಾರದ ಕಡೆ ನಿಲ್ಲಿಸಿದ್ದಳು. ಮಾಮೂಲಿ ಮಾತ್ರೆ ಸರಬರಾಜಿಲ್ಲ, ಡಾಕ್ಟರನ್ನು ಕೇಳಿ ಅದರ ಬದಲಿಗೆ ಬೇರೆ ಕಂಪನಿಯದು ಕೊಡುತ್ತಿದ್ದೇವೆ ಎಂದು ಅಂಗಡಿಯ ಹೆಂಗಸು ಬಿಡಿಸಿ ಹೇಳಿದಳು. ಹೆಲ್ಕಾಳ ಕಣ್ಣು ಕಿಟಕಿಯಾಚೆಯ ಕಾರಿನ ಮೇಲೆ. “ಹ್ಞೂಂ, ಹ್ಞೂಂ” ಎನ್ನುತ್ತ ಡಬ್ಬಿಯನ್ನು ಚೀಲಕ್ಕೆ ತುರುಕಿ ಹೊರಟಳು. ಮನೆಯಲ್ಲಿ ನೋಡಿದರೆ ಬೇರೆ ಹೆಸರು, ಬೇರೆ ಬಣ್ಣ. ಓಹೋ, ಡಾಕ್ಟರು ಹೆಚ್ಚಿಸೋಣ ಎಂದದ್ದು ಇದೇ ಇರಬೇಕು ಅಂದುಕೊಂಡಳು. ಹಳೆಯದೂ ಸಾಕಷ್ಟು ಉಳಿದಿತ್ತು. ಅಂದಿನಿಂದ ಹಳೆಯದೊಂದು, ಹೊಸದೊಂದು.

ಮೊದಮೊದಲು ಹಿತವಾಗಿಯೇ ಇತ್ತು. ಲಂಗ ಸಡಿಲವಾಯಿತು, ಮೆಟ್ಟಿಲು ಹಗುರವಾದವು. ಆಮೇಲೆ ನಿದ್ದೆ ಹೋಯಿತು. ಉತ್ತರದ ಈ ಬಂದರೂರು ಕಾಸ್ಕಿನೆನ್‌ನಲ್ಲಿ ಜೂನ್ ಬಂದರೆ ಯಾರಿಗೂ ನೆಟ್ಟಗೆ ನಿದ್ದೆಯಿಲ್ಲ, ರಾತ್ರಿಯೂ ಆಕಾಶದ ಬೆಳಕು ಆರುವುದೇ ಇಲ್ಲ. ಹಾಗಾಗಿ ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಆದರೆ ಅವಳ ಎದೆಯೊಳಗೆ ಹಳೇ ದೋಣಿಯ ಇಂಜಿನ್ ಸುಮ್ಮಸುಮ್ಮನೆ ಶುರುವಾಗುತ್ತಿತ್ತು. ರೌನೊ ಗಟ್ಟಿ ರೊಟ್ಟಿ ಕಡಿಯುವ ಸದ್ದಿಗೇ ಸಿಟ್ಟು ನೆತ್ತಿಗೇರುತ್ತಿತ್ತು. ಅವನ ಮೀನುಗಾಳಗಳ ಪೆಟ್ಟಿಗೆಯನ್ನು ಅವಳು ಕಸಕ್ಕೆ ಎಸೆದ ದಿನ ಅವನು ದಿಂಬೆತ್ತಿಕೊಂಡು ತನ್ನ ದೋಣಿಯಲ್ಲಿ ಮಲಗಲು ಹೋದ.

ಹೆಲ್ಕಾ, ಅವಳ ಗೆಳತಿ ಮಿರ್ವಾ ಇಬ್ಬರೂ ಸೇರಿ ನಡೆಸುತ್ತಿದ್ದ ಕ್ಷೌರದಂಗಡಿ ಚರ್ಚಿನ ಎದುರಿಗಿತ್ತು. ಜೂನ್ ನಡುವಿನ ಒಂದು ಬೆಳಿಗ್ಗೆ ಹೆಲ್ಕಾಳ ಕುರ್ಚಿಯಲ್ಲಿ ಮುದುಕ ಟೈಸ್ಟೊ ಕೂತಿದ್ದ. ಹಿಂದೆ ಬಂದರಿಗೆ ಹಡಗು ಎಳೆದು ತರುವ ದೋಣಿಯ ಕಪ್ತಾನ. ತಲೆಯ ಅರ್ಧ ಮುಗಿದಿತ್ತು. ಕತ್ತರಿ ಜಾರಿ ಕಿವಿಯ ಅಂಚು ಹರಿಯಿತು.

“ಕೂದಲು ಕತ್ತರಿಸು ಅಂದೆ, ಕಿವಿ ಯಾಕೆ ಕತ್ತರಿಸ್ತೀಯೆ ತಾಯಿ?”

ಹೆಲ್ಕಾ ಹಿಂದಿನ ಕೋಣೆಗೆ ಓಡಿದಳು. ಕೈ ಚಾಚಿದರೆ ಬೆರಳುಗಳು ಗಾಳಿಗೆ ಸಿಕ್ಕ ಎಲೆಗಳಂತೆ ಅದುರುತ್ತಿದ್ದವು. ಮಿರ್ವಾ ಬಾಗಿಲು ಎಳೆದುಕೊಂಡು ಬಂದಳು.

“ನಂಗೂ ಹೀಗೇ ಆಗ್ತಿತ್ತು. ತಗೋ, ನನ್ನ ಮಾತ್ರೆ. ಎದೆಬಡಿತಕ್ಕೆ ಅಂತ ಡಾಕ್ಟರೇ ಕೊಟ್ಟಿದ್ದು. ನುಂಗಿದ್ಮೇಲೆ ಕೈ ಕಲ್ಲಿನ ಹಾಗೆ ನಿಲ್ಲತ್ತೆ.”

“ನಿನ್ನ ಮಾತ್ರೆ ನಂಗ್ಯಾಕೆ?”

“ಅಯ್ಯೋ, ಎದೆ ಎದೆಯೇ ಅಲ್ವೇನೆ? ನುಂಗು.”

ಹೆಲ್ಕಾ ತಣ್ಣಗಾದ ಕಾಫಿಯ ಜೊತೆ ನುಂಗಿದಳು. ಅವಳಿಗೆ ಚಿಕ್ಕಂದಿನಿಂದಲೂ ಉಬ್ಬಸವಿತ್ತು. ಹೂವಿನ ಪರಾಗ ಹಾರುವ ಕಾಲ ಬಿಟ್ಟರೆ ಅದು ತಲೆ ಎತ್ತುತ್ತಿರಲಿಲ್ಲವಾದ್ದರಿಂದ ಮಿರ್ವಾಗೂ ನೆನಪಾಗಲಿಲ್ಲ, ಅವಳಿಗೂ ನೆನಪಾಗಲಿಲ್ಲ.

ಟೈಸ್ಟೊನ ಕಿವಿಗೆ ಪಟ್ಟಿ ಅಂಟಿಸಿ, ಅವನಿಗೆ ಕಾಫಿ ಕೊಟ್ಟು, ನೆಲ ಗುಡಿಸಿ, ಮತ್ತೊಮ್ಮೆ ಗುಡಿಸಿ ಅವಳು ಕತ್ತರಿ ಕೈಗೆತ್ತಿಕೊಳ್ಳುವ ಹೊತ್ತಿಗೆ ಎದೆಯ ಬಡಿತವೇನೋ ತಗ್ಗಿತ್ತು. ಆದರೆ ಉಸಿರು ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿರಲಿಲ್ಲ. ಚೀಲದಿಂದ ಉಬ್ಬಸದ ಪಂಪು ತೆಗೆದು ಬಾಯಿಗಿಟ್ಟು ಎಳೆದಳು. ಮತ್ತೆ ಎಳೆದಳು. ಎಂದೂ ಕೈಬಿಡದ ಪಂಪು ಅಂದು ಕೆಲಸ ಮಾಡಲಿಲ್ಲ. ಕನ್ನಡಿಯಲ್ಲಿ ಅವಳ ತುಟಿ ನೀಲಿಗಟ್ಟಿದ್ದು ಕಂಡು ಟೈಸ್ಟೊ ಕುರ್ಚಿಯಿಂದ ಎದ್ದೇಬಿಟ್ಟ.

“ಆಂಬುಲೆನ್ಸ್ ಕರೀಲಾ?” ಮಿರ್ವಾ ಕೂಗಿದಳು.

“ಅದು ಪಕ್ಕದೂರಿಂದ ಬರೋಷ್ಟರಲ್ಲಿ ನಾವು ಆಸ್ಪತ್ರೇಲಿ ಇರ್ತೀವಿ. ಫೋನ್ ಮಾಡಿ ಬರ್ತಿದೀವಿ ಅನ್ನು! ನಡಿಯೇ ಹುಡುಗಿ” ಎಂದು ಟೈಸ್ಟೊ ಹೆಲ್ಕಾಳ ತೋಳು ಹಿಡಿದ.

ಕೊರಳಿಗೆ ಕಟ್ಟಿದ ಬಟ್ಟೆ ಹಾಗೇ ಹಾರಾಡುತ್ತಿರಲು, ಅರ್ಧ ತಲೆ ಕತ್ತರಿಸಿಕೊಂಡ ಆ ಮುದುಕ ಊರಿನ ಆರೋಗ್ಯ ಕೇಂದ್ರದ ಬಾಗಿಲಿಗೇ ಕಾರು ತಂದು ನಿಲ್ಲಿಸಿದ.

ಮಾಸ್ಕಿನಿಂದ ಔಷಧಿಯ ಹಬೆ ಎಳೆಯುತ್ತ ಎಳೆಯುತ್ತ ಹೆಲ್ಕಾಳ ಎದೆ ಮಧ್ಯಾಹ್ನಕ್ಕೆ ಸಡಿಲವಾಯಿತು. ಮನೆಯಲ್ಲಿರುವ ಔಷಧಿಗಳನ್ನೆಲ್ಲ ತನ್ನಿ ಎಂದು ಅಲ್ಲಿನ ಡಾಕ್ಟರಮ್ಮ ಹೇಳಿದ್ದಕ್ಕೆ ರೌನೊ ಇಡೀ ಕಪಾಟನ್ನೇ ಚೀಲಕ್ಕೆ ಸುರಿದು ತಂದಿದ್ದ. ನಾಯಿಯ ಜಂತುಹುಳದ ಮಾತ್ರೆಯೂ ಅದರಲ್ಲಿತ್ತು. ಡಾಕ್ಟರಮ್ಮ ಎರಡು ಡಬ್ಬಿಗಳನ್ನು ಎತ್ತಿ ಅವಳ ಮಡಿಲ ಮೇಲೆ ಪಕ್ಕಪಕ್ಕ ಇಟ್ಟರು.

“ದೊಡ್ಡಕ್ಷರ ಬಿಡಿ. ಕೆಳಗೆ ಸಣ್ಣಕ್ಷರದಲ್ಲಿ ಏನಿದೆ ಓದಿ.”

ಹೆಲ್ಕಾ ಓದಿದಳು. ಎರಡರಲ್ಲೂ ಒಂದೇ ಮಾತು: ಥೈರಾಕ್ಸಿನ್.

“ದೊಡ್ಡ ಹೆಸರು ಕಂಪನಿ ಇಟ್ಟಿದ್ದು. ಒಳಗಿರೋ ಔಷಧಿ ಒಂದೇ. ನೀವು ದಿನಾ ಎರಡು ಪಾಲು ನುಂಗ್ತಿದ್ರಿ. ಬಡಿತ, ನಡುಕ, ನಿದ್ದೆಗೇಡು, ಎಲ್ಲ ಅದರದ್ದೇ. ಇನ್ನು ಈ ಗೆಳತಿಯ ಮಾತ್ರೆ... ಅವರಿಗೆ ಅದು ಒಳ್ಳೇದು. ಉಬ್ಬಸ ಇರೋರಿಗೆ ಉಸಿರಿನ ದಾರಿನೇ ಮುಚ್ಚಿಬಿಡತ್ತೆ, ಪಂಪಿಗೂ ಬಗ್ಗಲ್ಲ.”

ರೌನೊ ತನ್ನ ಟೋಪಿಯನ್ನು ಹಿಂಡುತ್ತ ನಿಂತಿದ್ದ. “ನಾನು ಬೇಸಿಗೆ ಅಂದ್ಕೊಂಡೆ” ಎಂದ.

ಸಂಜೆ ಮಿರ್ವಾ ಏಲಕ್ಕಿ ಬನ್ನು ಹಿಡಿದು ಹೆಲ್ಕಾ ಮಲಗಿದ್ದ ಕೋಣೆಯ ಬಾಗಿಲಲ್ಲೇ ನಿಂತಳು.

“ನಿನ್ನ ಸಾಯಿಸ್ಬಿಡ್ತಿದ್ದೆ.”

“ಹೌದು” ಎಂದಳು ಹೆಲ್ಕಾ. ಸುಳ್ಳು ಹೇಳಿ ಸಮಾಧಾನ ಮಾಡುವಷ್ಟು ತಾಳ್ಮೆ ಅವಳಲ್ಲಿರಲಿಲ್ಲ. ಬನ್ನಿಗೆ ಕೈ ಚಾಚಿ, “ಬಾಯಿ ತೆರೆದೋಳು ನಾನೇ ಕಣೆ. ಬಾ, ಕೂತ್ಕೋ, ನಿಂತವರನ್ನ ಕಂಡ್ರೆ ನಂಗೂ ಎದ್ದು ಓಡೋಣ ಅನ್ಸತ್ತೆ” ಎಂದಳು.

ಕೆಲವು ದಿನ ಮಾತ್ರೆ ಪೂರ್ತಿ ನಿಲ್ಲಿಸಿ, ಆಮೇಲೆ ಒಂದೇ ಡಬ್ಬಿಯಿಂದ ಶುರು ಮಾಡಬೇಕೆಂದರು ಡಾಕ್ಟರಮ್ಮ. ಹಳೆಯದನ್ನು ರೌನೊ ಔಷಧಿ ಅಂಗಡಿಗೇ ಹಿಂತಿರುಗಿಸಿ ಬಂದ. ಆದರೆ ಮೈಗೆ ಸೇರಿದ್ದು ಇಳಿಯುವುದಕ್ಕೆ ವಾರಗಳೇ ಹಿಡಿದವು. ಊರೆಲ್ಲ ಮಧ್ಯಬೇಸಿಗೆಯ ಹಬ್ಬದ ಬೆಂಕಿಯ ಸುತ್ತ ಕೂತು ಹಾಡುವಾಗ ಹೆಲ್ಕಾ ದಡದ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದಳು. ರೌನೊ ಏದುಸಿರು ಬಿಡುತ್ತ ಜೊತೆಗೆ ನಡೆದ, ನಿಧಾನ ಎಂದು ಒಮ್ಮೆಯೂ ಅನ್ನಲಿಲ್ಲ.

ಜುಲೈಯ ಒಂದು ಮಧ್ಯಾಹ್ನ ಆಲೂಗೆಡ್ಡೆ ಸುಲಿಯುತ್ತಿದ್ದವಳು ಅಂಗಳದ ಬೆಂಚಿನ ಮೇಲೆ ಹಾಗೇ ಒರಗಿ ನಿದ್ದೆಹೋದಳು. ರೌನೊ ಅವಳ ಕೈಯಿಂದ ಚಾಕು ಬಿಡಿಸಿಕೊಂಡ. ಆಮೇಲೆ ಗೇಟಿನ ಬಳಿ ನಿಂತು, ಸೈಕಲ್ ಗಂಟೆ ಬಾರಿಸುತ್ತ ಬಂದವರನ್ನೆಲ್ಲ ಕೈಸನ್ನೆ ಮಾಡಿ ಸುಮ್ಮನಾಗಿಸಿದ.