ನಮ್ಮ ಬಚ್ಚಲ ನೀರು ಹೋದ ದಾರಿ

ನಮ್ಮೂರ ಕಮಿಟಿಯವರು ಇಂಜಿನಿಯರನ್ನು ಆರಿಸಿದ ರೀತಿಯನ್ನು ಈಗ ಹೇಳಿದರೆ ಯಾರೂ ನಂಬುವುದಿಲ್ಲ. ಆದರೆ ನಾನು ಅಲ್ಲೇ ಇದ್ದೆ. ಕೊಪ್ಪಳದ ಊರ ಕಮಿಟಿಯಲ್ಲಿ ನಾನು, ದೇವೇಂದ್ರಪ್ಪ, ಗುಮಾಸ್ತನಾಗಿದ್ದೆ. ಉರ್ದು ಶಾಲೆಯಲ್ಲಿ ಓದಿದವನಾದ್ದರಿಂದ ಹೈದರಾಬಾದಿನಿಂದ ಯಾರೇ ಬಂದರೂ ಅವರ ಮಾತನ್ನು ನಮ್ಮವರಿಗೆ, ನಮ್ಮವರ ಮಾತನ್ನು ಅವರಿಗೆ ತಿಳಿಸುವ ಕೆಲಸ ನನ್ನ ಕೊರಳಿಗೆ ಬಿದ್ದಿತ್ತು. ಇಬ್ಬರ ನಡುವೆ ನಿಂತವನಿಗೆ ಎಷ್ಟು ಅಧಿಕಾರವಿರುತ್ತದೆ ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ಆ ಗರ್ವವೂ ಸ್ವಲ್ಪ ಇತ್ತು.

ಅದು ಸಾವಿರದ ಒಂಬೈನೂರ ನಲವತ್ನಾಲ್ಕರ ಬೇಸಿಗೆ. ಹಿಂದಿನ ಮಳೆಗಾಲದಲ್ಲಿ ನಮ್ಮ ಓಣಿಯೊಂದರಲ್ಲೇ ವಾಂತಿಭೇದಿಗೆ ಒಂಬತ್ತು ಜನ ಸತ್ತಿದ್ದರು. ಅವರಲ್ಲಿ ನನ್ನ ಸೋದರತ್ತೆ ಕಳಕಮ್ಮನ ಒಬ್ಬಳೇ ಮಗಳು ಶಂಕ್ರಮ್ಮನೂ ಒಬ್ಬಳು. ಎರಡು ಹೆಣ್ಣುಮಕ್ಕಳನ್ನು ವಿಧವೆ ತಾಯಿಯ ಮಡಿಲಿಗೆ ಹಾಕಿ ಒಂದೂವರೆ ದಿನದಲ್ಲಿ ಹೋಗಿಬಿಟ್ಟಳು. ತಿಥಿ ಮುಗಿದ ಮಾರನೆಯ ದಿನ ಅತ್ತೆ ಕಮಿಟಿ ಕಚೇರಿಗೇ ಬಂದಳು. ಹೆಂಗಸರು ಯಾರೂ ಅಲ್ಲಿಗೆ ಕಾಲಿಡುತ್ತಿರಲಿಲ್ಲ. ಅವಳು ಬಾಗಿಲ ಹತ್ತಿರ ನಿಂತು, ಕಾಳಿನ ವ್ಯಾಪಾರಿಯೂ ಕಮಿಟಿಯ ಅಧ್ಯಕ್ಷರೂ ಆಗಿದ್ದ ಕೊಟ್ರಬಸಪ್ಪನವರನ್ನು ನೇರವಾಗಿ ಕೇಳಿದಳು.

"ನಮ್ಮ ಬಚ್ಚಲ ನೀರು ಎಲ್ಲಿಗೆ ಹೋಗ್ತೈತ್ರಿ?"

"ಎಲ್ಲಿಗೆ ಅಂದ್ರ? ಹೊರಗ ಹೋಗ್ತೈತಿ."

"ಹೊರಗ ಅಂದ್ರ ಎಲ್ಲಿಗ್ರಿ?"

ಅಧ್ಯಕ್ಷರು ನನ್ನ ಮುಖ ನೋಡಿದರು. ನಾನು ಸದಸ್ಯರ ಮುಖ ನೋಡಿದೆ. ಹುಟ್ಟಿದಾಗಿನಿಂದ ಆ ಓಣಿಯ ನೀರನ್ನು ದಾಟಿಕೊಂಡು ಓಡಾಡಿದ ನಮ್ಮಲ್ಲಿ ಒಬ್ಬನಿಗೂ ಉತ್ತರ ಗೊತ್ತಿರಲಿಲ್ಲ. ಆ ಪ್ರಶ್ನೆ ಅಂದು ನನ್ನ ತಲೆಯೊಳಗೆ ಹೊಕ್ಕಿದ್ದು ಇಂದಿಗೂ ಹೊರಗೆ ಬಂದಿಲ್ಲ. ಬಚ್ಚಲ ನೀರು ಕಂಡಲ್ಲೆಲ್ಲ ಅದರ ಬಾಲ ಹಿಡಿದು ಹೋಗಬೇಕೆನಿಸುತ್ತದೆ.

ಅತ್ತೆ ಬಿಡಲಿಲ್ಲ, ವಾರಕ್ಕೊಮ್ಮೆ ಬಂದು ಅದನ್ನೇ ಕೇಳಿದಳು. ಕೊನೆಗೆ ಕಮಿಟಿಯವರು ಊರಿನ ಗಟಾರಗಳ ಬಗ್ಗೆ ಸಲಹೆ ಕೊಡಲು ಒಬ್ಬ ಇಂಜಿನಿಯರನ್ನು ನೇಮಿಸುವುದೆಂದು ತೀರ್ಮಾನಿಸಿದರು. ಹೈದರಾಬಾದಿನಿಂದ ಇಬ್ಬರು ಬಂದರು. ಮೊದಲಿನವರು ದೊಡ್ಡ ಕೊಳವೆಗಳ ಚಿತ್ರವಿದ್ದ ಪುಸ್ತಕ ತಂದಿದ್ದರು. ಕೊಟ್ರಬಸಪ್ಪನವರು ಅತ್ತೆಯ ಪ್ರಶ್ನೆಯನ್ನು ತಮ್ಮದೇ ಎನ್ನುವ ಹಾಗೆ ಕೇಳಿದಾಗ, ಅವರು ಕಿಟಕಿಯಿಂದ ಒಮ್ಮೆ ಇಣುಕಿ, ಬೆತ್ತದಿಂದ ದಕ್ಷಿಣಕ್ಕೆ ತೋರಿಸಿ, "ಹಳ್ಳಕ್ಕೆ" ಎಂದರು. ಎರಡನೆಯವರು ಸಣಕಲು ಮುದುಕರು, ಅವರ ಬೂಟಿನ ತುಂಬ ಧೂಳು. ಅದೇ ಪ್ರಶ್ನೆಗೆ ಅವರು, "ಗೊತ್ತಿಲ್ಲ. ನೋಡಬೇಕು" ಎಂದರು.

ನಾನು ಇದ್ದದ್ದನ್ನು ಇದ್ದ ಹಾಗೆ ಕನ್ನಡದಲ್ಲಿ ಹೇಳಿದೆ. ಕೊಟ್ರಬಸಪ್ಪನವರಿಗೆ ಮೈ ಉರಿಯಿತು. "ಗೊತ್ತಿಲ್ಲ ಅನ್ನಾಕ ಹೈದರಾಬಾದಿನಿಂದ ಬರಬೇಕೇನು? ಅದನ್ನ ನಾವ ಹೇಳತಿದ್ವಿ!"

ಬಾಗಿಲ ಹತ್ತಿರದಿಂದ ಅತ್ತೆಯ ದನಿ ಬಂತು. "ಗೊತ್ತಿಲ್ಲ ಅಂದವ್ರು ನೋಡ್ತಾರ್ರಿ. ಗೊತ್ತೈತಿ ಅಂದವ್ರು ಯಾಕ ನೋಡ್ಯಾರು?"

ಧೂಳು ಬೂಟಿನ ಸಾಹೇಬರೇ ನೇಮಕವಾದರು. ಈ ಸಾಹೇಬರು ಗಟಾರ ತೋಡುವುದಿಲ್ಲ, ಎಲ್ಲಿ ತೋಡಬೇಕೆಂದು ಬರೀ ಹೇಳುತ್ತಾರೆ ಎಂಬ ಸುದ್ದಿ ತಿಳಿದ ಮೇಲೆ ಊರವರು ನಕ್ಕಿದ್ದೇ ನಕ್ಕಿದ್ದು.

ಸಾಹೇಬರು ಮೊದಲು ಕೇಳಿದ್ದು ಒಂದೇ. ಓಣಿಯ ನೆಲದ ಕೆಳಗೆ ಏನೇನಿದೆ? ಹಳೆಯ ಗೋಡೆ, ಬಾವಿ, ತಗ್ಗು, ಏನಿದ್ದರೂ ಪಟ್ಟಿ ಮಾಡಿ ಕೊಡಿ ಎಂದರು. ಏಳು ಜನ ಸದಸ್ಯರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು.

ನಮ್ಮ ಕಡೆ ಮನೆಯ ಮುಂದೆ, ಓಣಿಯ ನೆಲದಲ್ಲೇ ಹಗೇವು ತೋಡುವುದು ತಲೆತಲಾಂತರದ ರೂಢಿ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಒಳಗೆ ಸುತ್ತಲೂ ಹುಲ್ಲು ಕೊಟ್ಟು, ಜೋಳ ಸುರಿದು, ಬಾಯಿಗೆ ಕಲ್ಲು ಹಾಸಿ ಮಣ್ಣು ಮುಚ್ಚಿದರೆ ಮೇಲೆ ಗಾಡಿ ಹರಿದರೂ ಗೊತ್ತಾಗುವುದಿಲ್ಲ. ಕಳ್ಳರಿಗೆ ಕಾಣದಂತೆ ಮಾಡಿದ್ದು ಈಗ ಸರ್ಕಾರಕ್ಕೂ ಕಾಣುತ್ತಿರಲಿಲ್ಲ. ಅದು ಯುದ್ಧದ ಕಾಲ. ಮನೆ ಮನೆಯಿಂದ ಸರ್ಕಾರದ ಪಾಲಿನ ಲೆವಿ ಜೋಳ ಎತ್ತಲು ಕಂದಾಯದ ಗಿರ್ದಾವರ ಊರೂರು ತಿರುಗುತ್ತಿದ್ದ. ಎಲ್ಲರೂ ಮನೆಯೊಳಗಿನ ಚೀಲಗಳನ್ನು ತೋರಿಸಿ, ಕಾಲ ಕೆಳಗಿನದರ ಮಾತನ್ನು ನುಂಗಿಕೊಂಡಿದ್ದರು. ಏಳು ಸದಸ್ಯರಿಗೂ ಹಗೇವುಗಳಿದ್ದವು, ಅಧ್ಯಕ್ಷರಿಗೆ ಎರಡು.

"ಏನೂ ಇಲ್ರಿ. ಬರೀ ಮಣ್ಣು ಐತಿ," ಎಂದರು ಕೊಟ್ರಬಸಪ್ಪನವರು.

ನಾನು ಅದನ್ನು ಶುದ್ಧ ಉರ್ದುವಿನಲ್ಲಿ, ಕಣ್ಣು ಮಿಟುಕಿಸದೆ ಹೇಳಿದೆ.

ಅಳತೆ ಶುರುವಾಯಿತು. ಗೆರೆ ಹಾಕಿದ ಅಳತೆಕೋಲನ್ನು ಹಿಡಿದು ನಿಲ್ಲಲು ಗ್ಯಾನಪ್ಪ ಎಂಬ ಕೂಲಿಯವನನ್ನು ಗೊತ್ತು ಮಾಡಿದ್ದೆವು. ಊರಿನ ಅರ್ಧ ಹಗೇವುಗಳನ್ನು ತೋಡಿದವನು ಅವನೇ. ಪಾಪ, ಹಗೇವು ಬಂದಲ್ಲೆಲ್ಲ ಅವನ ಕಾಲು ತಾನಾಗಿಯೇ ಪಕ್ಕಕ್ಕೆ ಸರಿಯುತ್ತಿತ್ತು. ಸಾಹೇಬರು ದುರ್ಬೀನಿನಿಂದ ಕಣ್ಣು ತೆಗೆದು ಅವನ ಪಾದಗಳನ್ನೇ ನೋಡುವುದನ್ನು ನಾನು ಎರಡು ಸಲ ಕಂಡೆ.

ಓಣಿಯ ಹಿಂದೆ ಒಂದು ಹಾಳು ಬಾವಿ ಇತ್ತು. ಎಲ್ಲರ ಬಚ್ಚಲ ನೀರೂ ಸುತ್ತಿ ಬಳಸಿ ಅದರೊಳಗೆ ಇಳಿಯುವುದು ಅಳತೆಯಲ್ಲಿ ಗೊತ್ತಾಯಿತು. ಹಳ್ಳಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಅಲ್ಲಿಂದ ಇಪ್ಪತ್ತು ಮಾರು ದೂರದಲ್ಲಿ ನಾವೆಲ್ಲ ಕುಡಿಯುವ ಸಿಹಿನೀರ ಬಾವಿ. ಸಾಹೇಬರು ಒಂದು ಪೊಟ್ಟಣ ಕೆಂಪು ಬಣ್ಣವನ್ನು ಹಾಳು ಬಾವಿಗೆ ಸುರಿದು, ಅತ್ತೆಯ ಕೈಗೆ ಒಂದು ಬಿಳಿ ಪಿಂಗಾಣಿ ಬಟ್ಟಲು ಕೊಟ್ಟರು. ದಿನವೂ ಬೆಳಿಗ್ಗೆ ಸಿಹಿನೀರನ್ನು ಇದರಲ್ಲಿ ಹಾಕಿ ನೋಡಿ ಎಂದರು. ಮೊದಲ ಮೂರು ದಿನ ಓಣಿಯ ಜನವೆಲ್ಲ ಬಟ್ಟಲಿನ ಸುತ್ತ ಮುಕುರಿದರು. ಏನೂ ಕಾಣಲಿಲ್ಲ. ನಾಲ್ಕನೆಯ ದಿನ ಬಟ್ಟಲ ನೀರು ತೆಳು ಗುಲಾಬಿಯಾಗಿತ್ತು.

ಅತ್ತೆ ಬಾವಿಕಟ್ಟೆಯ ಮೇಲೆ ಕುಸಿದಳು. "ಆಕಿ ನೀರು ನೀರು ಅಂತಿದ್ಲೋ ದೇವೇಂದ್ರ. ನಾನ ಸೇದಿ ಕುಡಿಸೀನಿ. ಈ ಕೈಲೇ ಕುಡಿಸೀನಿ."

ಸಾಹೇಬರು ನನ್ನನ್ನು ನೋಡಿದರು. ಅದನ್ನು ಉರ್ದುವಿನಲ್ಲಿ ಹೇಳಬೇಕಾಗಿರಲಿಲ್ಲ, ಅವರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು.

ಅಂದಿನಿಂದ ಸಿಹಿನೀರ ಬಾವಿಯಿಂದ ಸೇದುವುದನ್ನು ನಿಲ್ಲಿಸಿ ಕೆರೆಯಿಂದ ನೀರು ಹೊತ್ತು ತಂದೆವು. ಹಾಳು ಬಾವಿಯನ್ನು ಮುಚ್ಚಿ, ಓಣಿಯ ಉದ್ದಕ್ಕೂ ಹೊಸ ಗಟಾರ ತೋಡಿ ನೀರನ್ನು ಊರ ಹೊರಗೆ ಒಯ್ಯಬೇಕೆಂದು ಸಾಹೇಬರು ಗೆರೆ ಹಾಕಿದರು. ಸುಣ್ಣದ ಗೆರೆ ನೇರವಾಗಿ ಬಂದು ಅತ್ತೆಯ ಮನೆಯ ಮುಂದೆ, ಅವಳ ಹಗೇವಿನ ಬಾಯಿಯ ಮೇಲೇ ಹಾದುಹೋಯಿತು. ಅದರಲ್ಲಿ ಹತ್ತು ಚೀಲ ಜೋಳವಿತ್ತು. ಆ ಎರಡು ಮಕ್ಕಳಿಗೆ ಮುಂದಿನ ಸುಗ್ಗಿಯವರೆಗೆ ಬೇರೆ ಅನ್ನವಿರಲಿಲ್ಲ.

ಸಾಹೇಬರು ಅಲ್ಲೇ ನಿಂತು ಹಿಮ್ಮಡಿಯಿಂದ ನೆಲವನ್ನು ಎರಡು ಸಲ ಗುದ್ದಿದರು. "ಈ ಮನುಷ್ಯ ಇಲ್ಲಿ ಕೋಲು ಊರುವುದೇ ಇಲ್ಲ. ಕೆಳಗೆ ಏನಿದೆ?"

ಗ್ಯಾನಪ್ಪ ಆಕಾಶ ನೋಡಿದ. ಗಿರ್ದಾವರ ಆ ವಾರ ಊರಿನಲ್ಲೇ ಇಳಿದುಕೊಂಡಿದ್ದ. ಸಾಹೇಬರ ನಕ್ಷೆ ಸರ್ಕಾರದ ಕಾಗದ. ಅದರಲ್ಲಿ ಹಗೇವು ಎಂದು ಬರೆದರೆ ಅವನನ್ನು ಕೈಹಿಡಿದು ಕರೆತಂದ ಹಾಗೆ. ನನಗೆ ಥಟ್ಟನೆ ಬುದ್ಧಿ ಓಡಿತು.

"ಹಳೆಯದೊಂದು ಹಾಳು ಬಾವಿ, ಸಾಹೇಬ್. ನೀರಿಲ್ಲ. ಎಂದೋ ಮುಚ್ಚಿದ್ದಾರೆ."

ಅವರು ನಕ್ಷೆಯಲ್ಲಿ ಸೀಸದಕಡ್ಡಿಯಿಂದ ಒಂದು ಸೊನ್ನೆ ಸುತ್ತಿ ಬರೆದುಕೊಂಡರು. ನನಗೆ ಎಷ್ಟು ಖುಷಿಯಾಯಿತೆಂದರೆ ಅತ್ತೆಯ ಹತ್ತಿರ ಓಡಿಹೋಗಿ ಕೊಚ್ಚಿಕೊಂಡೆ. ಅವಳು ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟಳು.

"ಏನಂತ ಬರಿಸಿದಿ?"

"ಹಾಳು ಬಾವಿ ಅಂತ, ಅತ್ತಿ."

ನನ್ನನ್ನು ಎತ್ತಿ ಆಡಿಸಿದವಳು ಅವಳು. ಹಾಗೆ ನೋಡಿದ್ದು ಅದೇ ಮೊದಲು. ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದು, "ಗ್ಯಾನಪ್ಪ, ಸಲಿಕಿ ತಗೊಂಬಾ. ಹಗೇವು ತೆಗಿ" ಎಂದಳು.

"ಯವ್ವಾ, ಗಿರ್ದಾವರ ಚಾವಡ್ಯಾಗ ಕುಂತಾನ..."

"ಕುಂದರ್ಲಿ. ನೀ ತೆಗಿ."

ಓಣಿಯ ಬಾಗಿಲುಗಳಲ್ಲೆಲ್ಲ ಮುಖಗಳು ಕಂಡವು. ಗ್ಯಾನಪ್ಪ ಮಣ್ಣು ಬಗೆದು ಕಲ್ಲು ಸರಿಸಿದಾಗ ಒಳಗಿನಿಂದ ಬಿಸಿ ಗಾಳಿ, ಹುಳಿತ ಜೋಳದ ಆ ಘಾಟು ವಾಸನೆ ಎದ್ದಿತು. ಸಾಹೇಬರಿಗೆ ತಡೆಯದಷ್ಟು ಕುತೂಹಲ. ಮಂಡಿಯೂರಿ ಬಾಯೊಳಗೆ ತಲೆ ಹಾಕಲು ಹೋದರು. ಅತ್ತೆ ಅವರ ಕೋಟನ್ನು ಹಿಡಿದು ಹಿಂದಕ್ಕೆ ಎಳೆದಳು. ಸಾಹೇಬರ ಮೈ ಮುಟ್ಟಿದ್ದಕ್ಕೆ ಓಣಿಗೆ ಓಣಿಯೇ ಉಸಿರು ಬಿಗಿಹಿಡಿಯಿತು.

"ಸಾಯ್ತೀರಿ! ತಡೀರಿ ಸ್ವಲ್ಪ." ಕಂದೀಲು ಹಚ್ಚಿ ಹಗ್ಗಕ್ಕೆ ಕಟ್ಟಿ ಒಳಗೆ ಇಳಿಬಿಟ್ಟಳು. ಆಳು ಮಟ್ಟಕ್ಕೆ ಇಳಿಯುವ ಮೊದಲೇ ದೀಪ ಆರಿತು. "ನೋಡಿದಿರೇನು? ದೀಪ ಆರಿದ್ರ ಮನಶಾನೂ ಆರ್ತಾನ."

ಸಾಹೇಬರು ಹೋ ಎಂದು ನಕ್ಕುಬಿಟ್ಟರು. ತಮ್ಮ ಚೀಲದಿಂದ ತಂತಿಯ ಜಾಲರಿ ಸುತ್ತಿದ ಸಣ್ಣ ದೀಪವೊಂದನ್ನು ತೆಗೆದು ಅವಳ ಮುಂದೆ ಹಿಡಿದರು. ದೊಡ್ಡ ಶಹರಗಳಲ್ಲಿ ನೆಲದೊಳಗಿನ ಗಟಾರಕ್ಕೆ ಆಳುಗಳು ಇಳಿಯುವ ಮೊದಲು ನಾವೂ ಇದನ್ನೇ ಇಳಿಬಿಡುತ್ತೇವೆ, ಆರಿದರೆ ಯಾರನ್ನೂ ಇಳಿಸುವುದಿಲ್ಲ ಎಂದರು. ಆಮೇಲೆ ಇಬ್ಬರೂ ನನ್ನನ್ನು ಪುರುಸೊತ್ತಿಲ್ಲದೆ ದುಡಿಸಿದರು. ಹುಲ್ಲು ಎಷ್ಟು ದಪ್ಪ ಕೊಡುತ್ತೀರಿ? ಎಷ್ಟು ವರ್ಷ ಕೆಡುವುದಿಲ್ಲ? ನಿಮ್ಮ ಗಟಾರದಾಗ ಜನ ಹೆಂಗ ಉಸಿರಾಡ್ತಾರ್ರಿ? ನೀರು ಒಳಗೆ ಹೋಗದಂತೆ ಹೇಗೆ ತಡೆಯುತ್ತೀರಿ? ಒಂದು ತಂಬಿಗಿ ನೀರು ಹೋದ್ರ ಹಗೇವು ಹೋದಂಗರಿ. ಸಾಹೇಬರು ತಲೆದೂಗಿ, "ನಾನು ಮೂವತ್ತು ವರ್ಷದಿಂದ ಕೊಳೆನೀರು ಹೊರಗೆ ಬರದಂತೆ ನೋಡಿಕೊಳ್ಳುತ್ತಿದ್ದೇನೆ. ನೀವು ಒಳಗೆ ಹೋಗದಂತೆ ನೋಡಿಕೊಳ್ಳುತ್ತೀರಿ. ಇಬ್ಬರದೂ ಒಂದೇ ಕಸುಬು" ಎಂದರು.

ಅನಂತರ ಅವರು ನನ್ನ ಕಡೆ ತಿರುಗಿದರು, ದನಿ ತಗ್ಗಿಸಿದರು. ಅವರಿಗೆ ಲೆವಿಯ ವಿಷಯ ಗೊತ್ತಿಲ್ಲದೇನಿರಲಿಲ್ಲ. "ನಕ್ಷೆಯಲ್ಲಿ ಹಾಳು ಬಾವಿ ಎಂದೇ ಇರಲೇ? ಗಟಾರವನ್ನು ಹೇಗೂ ಸುತ್ತು ಹಾಕಿಸುತ್ತೇನೆ. ಆಕೆಯನ್ನೇ ಕೇಳು."

ಈ ಸಲ ನಾನು ಒಂದಕ್ಷರ ಆಚೀಚೆ ಮಾಡಲಿಲ್ಲ. ಅತ್ತೆ ಹೊಸ್ತಿಲಲ್ಲಿ ಕುಳಿತಿದ್ದ ಮೊಮ್ಮಕ್ಕಳನ್ನು ನೋಡಿದಳು. ಇರಲಿ ಬಿಡು ಎನ್ನಲಿ ದೇವರೇ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ಹಾಳು ಬಾವಿ ಅಂತ ಬರದ್ರ, ನಾವು ಸತ್ತ ಮ್ಯಾಲ ಯಾರರ ಆ ಕಾಗದ ನೋಡಿ ಇದರಾಗ ಗಟಾರದ ನೀರು ಬಿಡ್ತಾರ. ಆಗ ಮತ್ತ ಯಾರದರ ಮಗಳು ಹೋಗ್ತಾಳ. ಬ್ಯಾಡ್ರಿ. ಹಗೇವು ಅಂತ ಬರೀರಿ. ಕಳಕಮ್ಮನ ಹಗೇವು ಅಂತ ಬರೀರಿ."

ಸಾಹೇಬರು ರಬ್ಬರಿನಿಂದ ಒರೆಸಿ ಹಾಗೆಯೇ ಬರೆದರು.

ಮೂರನೆಯ ದಿನ ಗಿರ್ದಾವರ ಬಂದು ಹತ್ತರಲ್ಲಿ ಆರು ಚೀಲ ಎತ್ತಿಸಿಕೊಂಡು ಹೋದ. ಆ ವರ್ಷ ಅತ್ತೆ ಒಪ್ಪೊತ್ತು ಉಂಡಳು, ನನ್ನ ಮನೆಯಿಂದ ಕಳಿಸಿದ್ದನ್ನು ಮಕ್ಕಳ ಪಾಲಿಗೆ ಮಾತ್ರ ಇಟ್ಟುಕೊಂಡಳು. ಕೊಟ್ರಬಸಪ್ಪನವರು ನಾಲ್ಕು ದಿನ ಮಂಕಾಗಿದ್ದರು. ಐದನೆಯ ದಿನ ಜೋಳ ತುಂಬಿದ ಎರಡು ಗಾಡಿಗಳು ಅವರ ಮನೆಯಿಂದ ತಳಕಲ್ಲಿನ ಬೀಗರ ಕಡೆಗೆ ಹೋದವು. ಆರನೆಯ ದಿನ ಅವರು ಕಚೇರಿಯ ಬಾಗಿಲು ಮುಂದೆ ಮಾಡಿ, "ದೇವೇಂದ್ರಪ್ಪ, ನಮ್ಮವೂ ಎರಡು ಅದಾವ, ಬರಕೋ. ಖಾಲಿ ಅದಾವ ಮತ್ತ," ಎಂದರು. ಅವರ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಬಂದರು. ಸಾಹೇಬರು ಹೊರಡುವ ಹೊತ್ತಿಗೆ ನಕ್ಷೆಯಲ್ಲಿ ಹದಿನಾಲ್ಕು ಹಗೇವುಗಳಿದ್ದವು. ನೇರವಾಗಿದ್ದ ಗಟಾರ ಪ್ರತಿಯೊಂದನ್ನೂ ಬಳಸಿಕೊಂಡು ಹೋಗುತ್ತಿತ್ತು.

ಗಟಾರ ಕಟ್ಟಲು ಎರಡು ವರ್ಷ ಹಿಡಿಯಿತು. ಹಾಳು ಬಾವಿಯನ್ನು ಮುಚ್ಚಿದರು, ಸಿಹಿನೀರ ಬಾವಿಯನ್ನು ಬತ್ತಿಸಿ ತೊಳೆದರು. ಜನ ಮತ್ತೆ ಅದರ ನೀರು ಕುಡಿಯತೊಡಗಿದರು. ಅತ್ತೆ ಮಾತ್ರ ಮುಟ್ಟಲಿಲ್ಲ, ಕೆರೆಗೇ ಹೋಗುತ್ತಿದ್ದಳು.

ಅತ್ತೆಯ ಮನೆಯ ಬಚ್ಚಲಿನಿಂದ ಗಟಾರಕ್ಕೆ ಮೊದಲ ಸಲ ನೀರು ಬಿಟ್ಟ ದಿನ ಬೆಳಿಗ್ಗೆ ಅವಳು ಒಂದು ಕೊಡ ನೀರಿಗೆ ಬೊಗಸೆ ಅರಿಶಿನ ಕಲಸಿ ತನ್ನ ಬಚ್ಚಲಿಗೆ ಸುರಿದಳು. ಹೊರಗೆ ಬಂದು ಆ ಹಳದಿ ನೀರಿನ ಜೊತೆಗೇ ನಡೆದಳು. ಮೊಮ್ಮಕ್ಕಳಿಬ್ಬರು ಅವಳ ಹಿಂದೆ, ನಾನು ಅವರ ಹಿಂದೆ. ನೀರು ಅವಳ ಹಗೇವನ್ನು ಬಳಸಿತು, ಅಧ್ಯಕ್ಷರ ಎರಡನ್ನೂ ಬಳಸಿತು. ಸಿಹಿನೀರ ಬಾವಿ ಕಾಣುವ ತಿರುವಿಗೆ ಬಂದಾಗ ಅತ್ತೆ ನಿಂತಳು. ಹಳದಿ ನೀರು ಅಲ್ಲಿ ಎಡಕ್ಕೆ ಹೊರಳಿ ಬಾವಿಯಿಂದ ದೂರ ಹೋಯಿತು. ಅದರ ಕೊನೆಯ ಬಣ್ಣ ತಿರುಗಿ ಹೋಗುವವರೆಗೆ ಅವಳು ಕದಲಲಿಲ್ಲ.

ಆಮೇಲೆ ಬಾವಿಯ ಹತ್ತಿರ ಹೋಗಿ ಒಂದು ಕೊಡ ಸೇದಿದಳು. ಬೊಗಸೆಯಲ್ಲಿ ಹಿಡಿದು ಮೊದಲು ತಾನು ಕುಡಿದಳು. ಅಳುತ್ತಲೇ ಕುಡಿದಳು. ಆಮೇಲೆ ಅದೇ ಕೈಯಿಂದ ಮಕ್ಕಳಿಬ್ಬರಿಗೂ ಕುಡಿಸಿದಳು.

ಸಣ್ಣವಳು ಬಾಯಿ ಒರೆಸಿಕೊಂಡು ಗಟಾರದ ಕಡೆ ಕೈ ತೋರಿಸಿದಳು. "ಅಜ್ಜಿ, ಅಲ್ಲಿಂದ ಮುಂದ ಅದು ಎಲ್ಲಿಗೆ ಹೋಗ್ತೈತಿ?"

"ಗೊತ್ತಿಲ್ಲವಾ," ಎಂದಳು ಅತ್ತೆ. "ಬಾ, ನೋಡೂಣು."